ಬಂದೂಕಿನ ಮೇಲಿನ ಕುಂಕುಮ

ಐನಾಪುರದಲ್ಲಿ ಟ್ರ್ಯಾಕ್ಟರಿಗೆ ಬಣ್ಣ ಹೊಡೆಯುವ ಭರಮುವಿಗೆ ಸಿಟ್ಟು ಮೂಗಿನ ತುದಿಯಲ್ಲೇ. ೨೦೧೩ರ ಖಂಡೇನವಮಿಗೆ ಎರಡು ದಿನ ಮುಂಚೆ ದ್ರಾಕ್ಷಿ ತೋಟದ ರಾವಸಾಹೇಬರು ತಮ್ಮ ಲೈಸೆನ್ಸ್ ಬಂದೂಕಿನ ಜಂಗು ಹಿಡಿದ ನಳಿಗೆ ತಂದುಕೊಟ್ಟರು.

ಭರಮು ಹಿತ್ತಲಲ್ಲಿ ಕೂತು ಜಂಗು ತಿಕ್ಕಿ, ಎಣ್ಣೆಪಸೆ ಒರೆಸಿ, ಹಬ್ಬದ ಹಿಂದಿನ ರಾತ್ರಿ ಕರಿ ಬಣ್ಣ ಹೊಡೆದು ಒಣಗಲು ತೂಗುಬಿಟ್ಟ. ಹಬ್ಬದ ಮುಂಜಾನೆ ಹೆಂಡತಿ ದ್ರೌಪದಿ ಕೊಡಲಿ, ಕುಡಗೋಲಿಗೆ ಕುಂಕುಮ ಹಚ್ಚುತ್ತ ಅದಕ್ಕೂ ಹಚ್ಚಿಬಿಟ್ಟಳು. ಆರದ ಬಣ್ಣದಲ್ಲಿ ಅವಳ ಬೆರಳು ಅಚ್ಚೊತ್ತಿತು.

"ತಲಿ ಐತೇನ್ ನಿನಗ?" ಭರಮು ಹಾರಾಡಿದ.

"ಮನ್ಯಾಗಿನ ಕಬ್ಬಿಣಕ್ಕ ಇವತ್ತ ಕುಂಕುಮ ತಪ್ಪಸ್ತಾರೇನ್ರಿ?"

ಅವನು ಅದನ್ನು ತಿಕ್ಕಿ ತೆಗೆಯಲು ಕೂರುವಷ್ಟರಲ್ಲಿ ರಾವಸಾಹೇಬರೇ ಬಂದರು. "ಏ ಭರಮು, ಹಬ್ಬದ ದಿನ ಕುಂಕುಮ ಅಳಸಬ್ಯಾಡಲೇ! ಹಿಂಗ ದೇವರ ಜಗಲಿ ಮ್ಯಾಲ ಇಡ್ತೀನಿ" ಎಂದು ನಳಿಗೆಯನ್ನು ಕಣ್ಣಿಗೊತ್ತಿಕೊಂಡು ಒಯ್ದರು. ಬೆರಳು ಯಾರದೆಂದು ಕೇಳಲಿಲ್ಲ.

ಕೇರಿಯವಳೆಂದು ದ್ರೌಪದಿಯನ್ನು ರಾವಸಾಹೇಬರ ಮನೆಯವರು ಹೊಸ್ತಿಲು ದಾಟಗೊಟ್ಟಿರಲಿಲ್ಲ. ಹನ್ನೆರಡು ವರ್ಷ ಅವಳು ಗುಡಿಸಿದ್ದು ಅಂಗಳವನ್ನಷ್ಟೇ.

ಭರಮುವಿನ ಸಿಟ್ಟು ಜರ್ರನೆ ಇಳಿಯಿತು. ಹೆಂಡತಿಯ ಕೆಂಪು ಬೆರಳು ನೋಡಿ ಮೆಲ್ಲಗೆ ಅಂದ:

"ನಿನ್ನ ಬೆರಳಾದ್ರೂ ದೇವರ ಮನಿ ಒಳಗ ಹೋತು, ಬಿಡು."