ಕಾಲಲ್ಲಿ ಗಿಟಾರು ಬಾರಿಸಿದ ಲಕ್ಷ್ಮೀಶ

ಲಕ್ಷ್ಮೀಶನ ಗಿಟಾರು ಗಿಟಾರಾಗಿ ಉಳಿದಿದ್ದು ಮದುವೆಯಾದ ಮೊದಲ ವರ್ಷ ಮಾತ್ರ. ಆಮೇಲೆ ಅದು ಸದಾ ಹೊಟ್ಟೆ ಬಿಚ್ಚಿಕೊಂಡು ಊಟದ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಅರಸೀಕೆರೆಯ ಆ ಬಾಡಿಗೆ ಮನೆಯಲ್ಲಿ ತಟ್ಟೆ ಇಡಲು ಜಾಗ ಹುಡುಕುವುದು ಅವನ ಹೆಂಡತಿ ಲತಾಮಣಿಯ ಪಾಡು. ವೈರಿನ ಚೂರು ಮುದ್ದೆಗೆ ಅಂಟಿಕೊಂಡು ಬಂದದ್ದೂ ಉಂಟು.

“ಪಿಕಪ್ ಬದಲಾಯಿಸ್ತಾ ಇವ್ನಿ ಕಣೇ. ಸೌಂಡು ತೆಳ್ಳಗೆ ಬತ್ತೈತೆ,” ಎನ್ನುವನು. ತಂತಿಯ ಸದ್ದು ಹಿಡಿಯುವ ಆ ಪಿಕಪ್ ಕಿತ್ತು ಬೇರೆಯದು ಹಾಕಿದ. ಈಗ ಸೌಂಡು ದಪ್ಪವಾಯಿತೆಂದು ಅದನ್ನೂ ಕಿತ್ತ.

ಇದೇ ಗಿಟಾರನ್ನು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಕೇಳಿ ಮನಸೋತವಳು ಅವಳು. ಆಗ ಅದೊಂದು ಬಡಪಾಯಿ ಗಿಟಾರು, ಸ್ಪೀಕರು ಗೊರಗೊರ ಅನ್ನುತ್ತಿತ್ತು. ಆದರೂ ಹಾಡುವವರು ಎಲ್ಲಿ ತಡವರಿಸಿದರೂ ಕೈ ಹಿಡಿದು ದಾಟಿಸುವ ಹಾಗೆ ಬಾರಿಸುತ್ತಿದ್ದ. ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಸಂಬಳ ಕೈಗೆ ಬಂದದ್ದೇ ತಡ, ಪೆಡಲ್ಲುಗಳು ಬರತೊಡಗಿದವು. ಪೆಡಲ್ ಎಂದರೆ ಕಾಲಲ್ಲಿ ಒತ್ತುವ ಲೋಹದ ಡಬ್ಬಿ. ಗಿಟಾರಿನ ಸದ್ದು ಒಳಗೆ ಹೋಗಿ ಬೇರೆ ಸದ್ದಾಗಿ ಹೊರಬರುತ್ತದೆ. ಒಂದು ಡಬ್ಬಿ ಸದ್ದನ್ನು ಹರಿದು ಚಿಂದಿ ಮಾಡುತ್ತಿತ್ತು, ಇನ್ನೊಂದು ಬಾವಿಗೆ ತಳ್ಳುತ್ತಿತ್ತು. ಅವನ್ನು ಕಂಪನಿಯವರು ಕೊಟ್ಟ ಹಾಗೇ ಇಟ್ಟುಕೊಂಡರೆ ಈ ಮಹಾಶಯನಿಗೆ ಅವಮಾನ. ಎಲ್ಲವನ್ನೂ ಬಿಚ್ಚಿ, ಒಳಗಿನದನ್ನು ಕಿತ್ತು, ಬೇರೇನೋ ಬೆಸುಗೆ ಹಾಕಲೇಬೇಕು.

ತಾಯಿ ರುದ್ರಮ್ಮ ಬಾಗಿಲಲ್ಲಿ ನಿಂತು, “ಇದು ರಿಪೇರಿ ಆಯ್ತೋ, ಕೆಟ್ಟೋಯ್ತೋ ಮಗಾ?” ಎಂದು ಕೇಳಿದರೆ, “ಅವ್ವಾ, ಇದು ಟೋನು. ನಿಂಗೆ ಅರ್ಥ ಆಗಕಿಲ್ಲ,” ಎನ್ನುವನು. ಆ ಟೋನಿನಲ್ಲಿ ಒಂದು ಹಾಡನ್ನಾದರೂ ಪೂರ್ತಿ ಕೇಳಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಮೊದಮೊದಲು ಲತಾಮಣಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬರಬೇಕಾದರೂ ಎದುರಿನವರ ಮೇಲೆ ಒಂದಿಷ್ಟು ಗೌರವ ಬೇಕಲ್ಲ, ಅದು ಕರಗಿ ಬರೀ ತಾತ್ಸಾರ ಉಳಿಯಿತು.

ಅವಳು ಕಣಕಟ್ಟೆಯ ಶಾಲೆಯಲ್ಲಿ ಮೇಡಂ. ಬಿಡುವಿದ್ದಾಗ ಷಡಕ್ಷರಪ್ಪನವರ ವಾದ್ಯಗೋಷ್ಠಿಯಲ್ಲಿ ಹಾಡುವಳು, ಅದೂ ಹಿಂದಿನ ಮೈಕಿನಲ್ಲಿ, ಕೋರಸ್ಸಿಗೆ. ಮುಂದಿನ ಮೈಕು ಎಂದಾದರೂ ತನ್ನದಾಗಬೇಕೆಂಬ ಆಸೆ ಅವಳ ಹೊಟ್ಟೆಯೊಳಗೆ ವರ್ಷಗಳಿಂದ ಕೂತಿತ್ತು. ಕೊನೆಗೊಂದು ದಿನ ಷಡಕ್ಷರಪ್ಪನವರೇ ಹೇಳಿದರು: “ಮೇಡಂ, ಬುದ್ಧಪೂರ್ಣಿಮೆಗೆ ಹಳೇಬೀಡಲ್ಲಿ ಕಾರ್ಯಕ್ರಮ ಐತೆ. ಒಂದು ಹಾಡು ನೀವೊಬ್ಬರೇ ಹಾಡಿ. ಜನ ಒಪ್ಪಿದ್ರೆ ಇನ್ಮುಂದೆ ಮುಂದಿನ ಮೈಕು ನಿಮ್ದೇ.”

ಗಿಟಾರಿಗೆ ಬಿಕ್ಕೋಡಿನ ಚೇತನ್‌ಕುಮಾರನನ್ನು ಕರೆಯುವುದಿತ್ತು. ಲಕ್ಷ್ಮೀಶ ಬಿಡಲಿಲ್ಲ. “ನನ್ನ ಹೆಂಡ್ತಿ ಹಾಡೋವಾಗ ಬೇರೆಯವನ್ಯಾಕೆ?” ಎಂದ. ಕಾಲೇಜಿನ ಆ ಸಂಜೆ ನೆನಪಾಗಿ ಅವಳು ಒಪ್ಪಿಬಿಟ್ಟಳು. ಅವನು ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ಕೂತ. ಒಳಗಿನಿಂದ ಬಂದ ಗಿಟಾರು ನಿಜಕ್ಕೂ ಚೆನ್ನಾಗಿತ್ತು. ಅಡುಗೆಮನೆಯಲ್ಲಿ ಅದಕ್ಕೆ ದನಿಗೂಡಿಸುತ್ತಾ ಅವಳು ಅವನನ್ನು ಅರ್ಧ ಕ್ಷಮಿಸಿಯೂ ಬಿಟ್ಟಿದ್ದಳು.

ಹಳೇಬೀಡಿನ ಸಮುದಾಯ ಭವನದಲ್ಲಿ ಬೆಳಗಿನ ಕಾರ್ಯಕ್ರಮ. ಲಕ್ಷ್ಮೀಶ ವೇದಿಕೆಯ ತುಂಬ ಡಬ್ಬಿಗಳನ್ನು ಹರವಿಕೊಂಡ. ತಬಲಾ ಶಿವಯ್ಯ ಪಾಪ, ಮೂಲೆಗೆ ಸರಿದು ಕೂತ. ಮೈಕು ಪರೀಕ್ಷೆ ಮಾಡುವಾಗಲೇ ಲತಾಮಣಿಗೆ ತನ್ನ ಗಂಟಲು ಕಟ್ಟಿದ್ದು ಗೊತ್ತಾಯಿತು. ಬಿಸಿಲೆಂದು ಐಸ್ ಹಾಕಿದ ಕಬ್ಬಿನಹಾಲು ಕುಡಿದಿದ್ದಳು.

“ರೀ, ಮೇಲಕ್ಕೆ ಏರ್ತಿಲ್ಲ. ಶ್ರುತಿ ಒಂದು ಮನೆ ಇಳಿಸ್ಕೊಳ್ಳಿ,” ಎಂದು ಪಿಸುಗುಟ್ಟಿದಳು. ಬಾರಿಸುವವನಿಗೆ ಅದೇನು ದೊಡ್ಡ ಕೆಲಸವೇ? ಕೈ ಒಂದಿಷ್ಟು ಸರಿಸಿದರಾಯಿತು. ಲಕ್ಷ್ಮೀಶ ಡಬ್ಬಿಗಳ ಕಡೆ ನೋಡಿದ.

“ಆಗಕಿಲ್ಲ ಲತಾ. ಸೆಟ್ಟಿಂಗ್ ಎಲ್ಲಾ ಇದೇ ಶ್ರುತೀಲಿ ಐತೆ.”

“ಸೆಟ್ಟಿಂಗ್ ಏನ್ರೀ, ಬಾರಿಸೋರು ನೀವಲ್ವಾ?”

ಅಷ್ಟರಲ್ಲಿ ನಿರೂಪಕ ಅವಳ ಹೆಸರು ಕೂಗಿದ. ಲಕ್ಷ್ಮೀಶ ಕಾಲಲ್ಲಿ ನೀಲಿ ಡಬ್ಬಿ ಒತ್ತಿದ. ಗಿಟಾರು ಹಳೆಯ ಶ್ರುತಿಯಲ್ಲೇ ಸೊಗಸಾಗಿ ಹೊರಟಿತು. ಮೊದಲ ಸಾಲಿನ ಏರಿನಲ್ಲೇ ಅವಳ ದನಿ ಒಡೆಯಿತು. ಮುಂದಿನ ಕುರ್ಚಿಗಳಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಅವಳು ತಿರುಗಿ ಗಂಡನ ಕೈ ನೋಡಿದಳು. ಬೆರಳುಗಳು ತಂತಿಯ ಮೇಲೆ ಓಡಾಡುತ್ತಿದ್ದವು, ತಂತಿಗೆ ತಾಗುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಅವನು ಮಾಡಿದ ಅಭ್ಯಾಸ ಯಾವುದೆಂದು ಆಗ ತಿಳಿಯಿತು. ತುಂಡು ತುಂಡಾಗಿ ಬಾರಿಸಿ, ತಪ್ಪಿದ್ದನ್ನು ಅಳಿಸಿ, ಎಲ್ಲವನ್ನೂ ಆ ಡಬ್ಬಿಯಲ್ಲಿ ರೆಕಾರ್ಡ್ ಮಾಡಿ ತುಂಬಿಸಿ ತಂದಿದ್ದ.

ಅವಳ ಮೈ ಉರಿದುಹೋಯಿತು. ಹಾಡು ನಿಲ್ಲಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು, ನಾಲ್ಕು ಹೆಜ್ಜೆ ನಡೆದು ಹೋಗಿ ನೀಲಿ ಡಬ್ಬಿಯನ್ನು ಕಾಲಲ್ಲಿ ಒತ್ತಿದಳು. ಗಿಟಾರು ನಿಂತಿತು. ಗಾಬರಿಯಲ್ಲಿ ಲಕ್ಷ್ಮೀಶನ ಬೆರಳುಗಳು ಮಾತ್ರ ನಿಲ್ಲಲಿಲ್ಲ. ಸದ್ದಿಲ್ಲದ ಆ ಬಾರಿಸುವಿಕೆಯನ್ನು ನೋಡಿ ಭವನಕ್ಕೆ ಭವನವೇ ಗೊಳ್ಳೆಂದು ನಕ್ಕಿತು.

“ಶಿವಯ್ಯಣ್ಣ, ತಾಳ ಹಿಡೀರಿ ಸಾಕು,” ಎಂದು ಅವಳು ತನ್ನ ಗಂಟಲಿಗೆ ಒಗ್ಗುವ ಶ್ರುತಿಯಲ್ಲಿ ಮತ್ತೆ ಮೊದಲಿಂದ ಹಾಡಿದಳು. ಜನ ಒಪ್ಪಿದರು. ಷಡಕ್ಷರಪ್ಪನವರು ಮುಂದಿನ ಮೈಕನ್ನು ತಾವೇ ಅವಳ ಎತ್ತರಕ್ಕೆ ಸರಿಮಾಡಿಕೊಟ್ಟರು.

ವಾಪಸು ಬರುವ ಬಸ್ಸಿನಲ್ಲಿ ಜಾವಗಲ್ ದಾಟುವವರೆಗೂ ಲಕ್ಷ್ಮೀಶ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದ. ಆಮೇಲೆ ಅದನ್ನು ಅವಳ ಮುಂದೆ ಹಿಡಿದ. “ನೋಡಿಲ್ಲಿ, ಶ್ರುತಿ ಇಳಿಸೋ ಪೆಡಲ್ಲೂ ಬಂದೈತೆ. ಇದೊಂದು ಇದ್ದಿದ್ರೆ ಇವತ್ತು...”

ಲತಾಮಣಿ ಅವನ ಎಡಗೈ ಎಳೆದುಕೊಂಡು ಬೆರಳ ತುದಿಗಳನ್ನು ಒತ್ತಿ ನೋಡಿದಳು. ಹಿಂದೆ ಅವನು ಕೈ ಹಿಡಿದರೆ ತಂತಿಯಿಂದ ಜಡ್ಡುಗಟ್ಟಿದ ಆ ತುದಿಗಳು ಒರಟಾಗಿ ಚುಚ್ಚುತ್ತಿದ್ದವು. ಈಗ ಬೆಣ್ಣೆಯ ಹಾಗಿದ್ದವು. ಬೆಸುಗೆಯ ಸುಟ್ಟ ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಕೈ ಬಿಟ್ಟುಬಿಟ್ಟು ಷಡಕ್ಷರಪ್ಪನವರಿಗೆ ಫೋನು ಮಾಡಿದಳು.

“ಸರ್, ಮುಂದಿನ ಬೇಲೂರು ಕಾರ್ಯಕ್ರಮಕ್ಕೆ ಬಿಕ್ಕೋಡಿನ ಹುಡುಗನ್ನೇ ಕರೀರಿ.”

“ಮತ್ತೆ ನಿಮ್ಮ ಯಜಮಾನ್ರು ಮೇಡಂ?”

ಅವಳು ಪಕ್ಕದಲ್ಲಿದ್ದವನ ಮುಖ ನೋಡಿಯೇ ಹೇಳಿದಳು: “ಅವರೂ ಬರ್ತಾರೆ. ವೈರು ಸುತ್ತೋಕೆ.”