ಕೆಂಚಿಯ ಬಾಯೊಳಗಿನ ಚಿಪ್ಪು

ಕತ್ರಿಗುಪ್ಪೆಯ ನಮ್ಮ ಬೀದಿಯ ತುದಿಯಲ್ಲಿ ಇಡ್ಲಿ ಗಾಡಿ ಇಟ್ಟುಕೊಂಡಿರುವ ಸೊಣ್ಣಮ್ಮನವರು ದಿನವೂ ಒಲೆಯಿಂದ ಇಳಿದ ಮೊದಲ ಇಡ್ಲಿಯನ್ನು ಮುರಿದು, ಆರಿಸಿ, ಬೀದಿನಾಯಿ ಕೆಂಚಿಯ ಮುಂದೆ ಇಡುತ್ತಾರೆ. ಗಿರಾಕಿ ಎಷ್ಟೇ ಅವಸರಪಡಿಸಲಿ, ಅದು ತಪ್ಪಿದ್ದಿಲ್ಲ. ಅವರ ಮನೆದೇವರು ಕಾಲಭೈರವ. "ಭೈರಪ್ಪನ ವಾಹನ ಹಸ್ಕೊಂಡಿರೋವಾಗ ನಿಮ್ಗೆ ಹೆಂಗ್ ಕೊಡ್ಲಿ? ನಿಂತ್ಕೊಳ್ಳಿ ಒಂದ್ ನಿಮಿಷ" ಎನ್ನುತ್ತಾರೆ.

ಹೋದ ಶ್ರಾವಣದ ಒಂದು ಬೆಳಿಗ್ಗೆ ಕೆಂಚಿ ಇಡ್ಲಿಯನ್ನು ಮೂಸಿ ಹಿಂದೆ ಸರಿಯಿತು. ಬಾಯಿ ಮುಚ್ಚಲಾಗದೆ ಜೊಲ್ಲು ಸುರಿಯುತ್ತಿತ್ತು, ಜೊಲ್ಲಿನಲ್ಲಿ ರಕ್ತ. ಮುಂಗಾಲಿನಿಂದ ಮುಖ ಪರಚಿಕೊಳ್ಳುತ್ತ ಗಾಡಿಯ ಸುತ್ತ ತಿರುಗತೊಡಗಿತು.

ಎದುರುಮನೆಯ ಶಿವರಾಜ್ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ. ಗೇಟಿನೊಳಗಿಂದಲೇ ಕೂಗಿದರು: "ಹುಚ್ಚು ಹಿಡಿದಿದೆ ಕಣ್ರೀ! ಯಾರಾದ್ರೂ ದೊಣ್ಣೆ ತನ್ನಿ!"

ಇಬ್ಬರು ನಿಜವಾಗಿಯೂ ತಂದರು.

ಸೊಣ್ಣಮ್ಮ ಸೌಟು ಹಿಡಿದೇ ಹೋಗಿ ನಾಯಿಗೂ ಅವರಿಗೂ ನಡುವೆ ನಿಂತರು.

"ಹುಚ್ಚೋ ಗಾಯಾನೋ ಡಾಕ್ಟ್ರು ಹೇಳ್ಲಿ. ಅಲ್ಲೀವರ್ಗೂ ಒಬ್ರೂ ಮುಂದೆ ಬರ್ಬೇಡಿ."

"ಕಚ್ಚಿದ್ರೆ ಏನ್ರೀ ಮಾಡ್ತೀರಾ?" ಎಂದ ದೊಣ್ಣೆ ಹಿಡಿದವನೊಬ್ಬ.

"ಕಚ್ಚಿದ್ರೆ ನಂಗೆ ತಾನೆ? ನಿಮ್ ದೊಣ್ಣೆಗಲ್ವಲ್ಲ!"

ಅವರ ಇನ್ನೊಂದು ಮುಷ್ಟಿಯಲ್ಲಿ ಅರಿಶಿನವಿತ್ತು. ಗಾಯವೆಂದರೆ ನಮ್ಮ ಮನೆಗಳಲ್ಲಿ ಕೈ ಮೊದಲು ಹೋಗುವುದು ಅರಿಶಿನದ ಡಬ್ಬಿಗೇ. ಅದನ್ನು ಕೆಂಚಿಯ ಬಾಯಿಗೆ ತುಂಬಲು ಬಗ್ಗುವಷ್ಟರಲ್ಲಿ, ತಿಂಡಿಗೆ ಬಂದಿದ್ದ ಆಟೋ ಮುತ್ತುರಾಜ ಪಶುವೈದ್ಯರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ಬಾಯಿಗೆ ಕೈ ಹಾಕ್ಬೇಡಿ," ಎಂದಿತು ವೈದ್ಯರ ದನಿ. "ಅರಿಶಿನ, ನೀರು, ಏನೂ ಬೇಡ. ಒಳಗೆ ಏನಾದ್ರೂ ಸಿಕ್ಕೊಂಡಿದ್ರೂ ಎಳೀಬೇಡಿ. ಬಾಯಿ ಕಟ್ಬೇಡಿ, ಉಸಿರಾಡ್ಬೇಕು. ಜೊಲ್ಲು ನಿಮ್ ಕೈಗೆ ತಾಗ್ದಂಗೆ ದಪ್ಪ ಕಂಬಳೀಲಿ ಸುತ್ತಿ, ತಲೆ ತಗ್ಗಿಸಿ ಹಿಡ್ಕೊಂಡು ಬೇಗ ಬನ್ನಿ."

ಸೊಣ್ಣಮ್ಮ ಅರಿಶಿನವನ್ನು ನೆಲಕ್ಕೆ ಕೊಡವಿದರು. ಗಾಡಿಯ ಕೆಳಗಿದ್ದ ಕಂಬಳಿ ಬಿಡಿಸಿ, "ಬಾರಮ್ಮ ಕೆಂಚೀ, ಏನಿಲ್ಲ, ಏನಿಲ್ಲ" ಎನ್ನುತ್ತ ಹಿಂದಿನಿಂದ ಹೊದಿಸಿ ಅಪ್ಪಿಕೊಂಡರು. ನಾಯಿ ಒಮ್ಮೆ ಗುರ್ರೆಂದಿತು. ಅವರು ಸಡಿಲಿಸಲಿಲ್ಲ.

"ಅಕ್ಕಾ, ಸೀಟೆಲ್ಲಾ ರಕ್ತ ಆಗುತ್ತೆ," ಮುತ್ತುರಾಜ ಗೊಣಗಿದ.

"ತೊಳ್ದು ಕೊಡ್ತೀನಿ ನಡಿಯೋ. ನಿನ್ ಸೀಟೇನು ಸಿಂಹಾಸನಾನಾ?"

ಒಲೆ ಆರಿಸಲೂ ಅವರು ನಿಲ್ಲಲಿಲ್ಲ. ನಾನು ಹೋಗಿ ಆರಿಸಿದೆ.

ಮಧ್ಯಾಹ್ನ ಆಟೋ ಮರಳಿತು. ಕೆಂಚಿ ಮಂಪರಿನಲ್ಲಿ ಸೊಣ್ಣಮ್ಮನವರ ಮಡಿಲಲ್ಲಿ ಮಲಗಿತ್ತು. ಹುಚ್ಚೂ ಅಲ್ಲ, ಏನೂ ಅಲ್ಲ. ಮೇಲ್ದವಡೆಯ ಹಲ್ಲುಗಳ ನಡುವೆ ತೆಂಗಿನ ಚಿಪ್ಪಿನ ಚೂರೊಂದು ಅಡ್ಡಲಾಗಿ ಸಿಕ್ಕಿಕೊಂಡು ಅಂಗುಳನ್ನು ಸೀಳಿತ್ತು. ವೈದ್ಯರು ಅರಿವಳಿಕೆ ಕೊಟ್ಟು ಅದನ್ನು ತೆಗೆದು ಹೊಲಿಗೆ ಹಾಕಿದ್ದರು. ಚೂರನ್ನು ಸೊಣ್ಣಮ್ಮ ಕವರಿನಲ್ಲಿ ಕಟ್ಟಿಸಿಕೊಂಡು ಬಂದಿದ್ದರು.

ಹಿಂದಿನ ದಿನ ಶಿವರಾಜ್ ತಮ್ಮ ಹೊಸ ಕಾರಿಗೆ ಪೂಜೆ ಮಾಡಿಸಿ, ನಡುಬೀದಿಯಲ್ಲಿ ಈಡುಗಾಯಿ ಒಡೆದಿದ್ದರು. ಚೂರುಗಳು ಇನ್ನೂ ಅಲ್ಲೇ ಬಿದ್ದಿದ್ದವು.

ಶಿವರಾಜ್ ಕವರನ್ನು ನೋಡಿದರು, ಬೀದಿಯನ್ನು ನೋಡಿದರು. ದನಿ ಇಳಿಯಿತು. "ಸೊಣ್ಣಮ್ಮಾ, ಕನಕಪುರ ರೋಡಲ್ಲಿ ನಮ್ ಭಾವನ ತೋಟ ಇದೆ. ನಾನೇ ಇದನ್ನ ಕಾರಲ್ಲಿ ಅಲ್ಲಿಗೆ ಬಿಟ್ಟು ಬರ್ತೀನಿ. ನಾಯೀನೂ ಆರಾಮಾಗಿರುತ್ತೆ, ನಿಮ್ಗೂ ತಾಪತ್ರಯ ತಪ್ಪುತ್ತೆ."

ಸೊಣ್ಣಮ್ಮ ಕವರನ್ನು ಅವರ ಗೇಟಿನ ಕಂಬದ ಮೇಲಿಟ್ಟರು.

"ಬೇಡ ಸಾರ್. ತಾಪತ್ರಯ ಅಂತ ನಾನ್ಯಾವತ್ತು ಅಂದಿದ್ದೆ? ಇದು ಇವಳ ಬೀದಿ, ಇಲ್ಲೇ ಇರ್ತಾಳೆ. ನೀವು ಕಾಯಿ ಒಡೆದ್ಮೇಲೆ ಚಿಪ್ಪು ಎತ್ತಿ, ಅಷ್ಟು ಸಾಕು."