ಸಿಂಹದ ಹೊತ್ತು, ಒಲೆಯ ಹೊತ್ತು

ಮುರಿಗೆವ್ವ ಕಲಹಾರಿಗೆ ಹನ್ನೊಂದು ಸಲ ಹೋಗಿ ಬಂದವಳು. ಆಫ್ರಿಕಾದ ಆ ಕೆಂಪು ಮರಳಿನ ಒಣನಾಡಿಗೆ ಅಷ್ಟು ಸಲ ಹೋದ ಇನ್ನೊಬ್ಬ ಕನ್ನಡದ ಹೆಂಗಸು ಸಿಂಗಪುರದ ಬುಕಿತ್ ಬಾಟೋಕ್‌ನಲ್ಲಂತೂ ಇಲ್ಲ. ಆದರೆ ಒಂದೇ ಒಂದು ಸಿಂಹವನ್ನೂ ಆಕೆ ಕಂಡಿರಲಿಲ್ಲ.

ಇದರಲ್ಲಿ ಸಿಂಹದ ತಪ್ಪೇನಿಲ್ಲ. ಸಿಂಗಪುರದ ಸಸ್ಯಾಹಾರಿ ಕುಟುಂಬಗಳನ್ನು ಗುಂಪು ಕಟ್ಟಿ ಸಫಾರಿಗೆ ಕರೆದೊಯ್ಯುವ ಸುಹಾಸನಿಗೆ ಆಕೆ ಅಡುಗೆಯವಳು. ಪ್ರಾಣಿಗಳು ಓಡಾಡುವುದು ಬೆಳಗಿನ ತಂಪಿನಲ್ಲಿ, ಇಲ್ಲವೇ ಸಂಜೆಯ ತಂಪಿನಲ್ಲಿ. ಜೀಪು ಹೊರಡುವುದೂ ಆಗಲೇ. ಬೆಳಿಗ್ಗೆ ಹಸಿದು ಬಂದವರಿಗೆ ಬಿಸಿ ಉಪ್ಪಿಟ್ಟು ಬೇಕು, ಸಂಜೆ ಬಂದವರಿಗೆ ಅನ್ನ ಸಾರು ಬೇಕು. ಸಾವಿರಾರು ಮೈಲಿ ಹೋಗಿ ಚಿರತೆ ನೋಡಿ ಬಂದ ಮಹಾನುಭಾವರು ಜೀಪಿನಿಂದ ಇಳಿಯುತ್ತಲೇ ಕೇಳುವುದು, "ಸಾರಿಗೆ ಇಂಗು ಹಾಕಿದೀರಾ ಆಂಟಿ?" ಎಂದು.

ಆಕೆಯ ಪಾಲಿನ ಕಲಹಾರಿ ಎಂದರೆ ಕ್ಯಾಂಪಿನ ಅಡುಗೆಮನೆಯ ಕಿಟಕಿ. ಕಿಟಕಿಯಾಚೆ ಒಣಗಿದ ಹೊಳೆಯ ಪಾತ್ರ, ಅದರಾಚೆ ಕೆಂಪು ದಿಬ್ಬ, ನಡುವೆ ಒಂದು ಮುಳ್ಳುಮರ. ಅದು ಜಾಲಿಯ ಜಾತಿಯದೇ ಎಂದು ವಿಜಯಪುರದ ಕಡೆ ಹುಟ್ಟಿದ ಮುರಿಗೆವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೂರಾರು ಹಕ್ಕಿಗಳು ಸೇರಿ ಅದರಲ್ಲಿ ಕಟ್ಟಿದ್ದ ಗೂಡು, ಮೇವಿನ ಬಣವೆಯನ್ನೇ ಎತ್ತಿ ಮರದ ಮೇಲಿಟ್ಟಂತಿತ್ತು. ಚೆಲ್ಲಿದ ಅಕ್ಕಿಕಾಳಿಗೆ ಅಳಿಲುಗಳು ಬಾಗಿಲ ತನಕ ಬರುತ್ತಿದ್ದವು. ಈಟಿಯಂಥ ಕೊಂಬಿನ ದೊಡ್ಡ ಜಿಂಕೆಯೊಂದು ಎರಡು ಸಲ ಹೊಳೆ ದಾಟಿದ್ದುಂಟು. ಅಷ್ಟರಲ್ಲಿ ಕುಕ್ಕರ್ ಕೂಗುತ್ತಿತ್ತು.

ಮನೆಗೆ ಬಂದ ಮೇಲೆ ಮೊಮ್ಮಗಳು ವರ್ಣಿಕಾಗೆ ಮಾತ್ರ ಸಿಂಹದ ಕತೆಗೆ ಬರವಿರಲಿಲ್ಲ. ಊಟಕ್ಕೆ ಕೂತವರು ಆಡಿಕೊಂಡದ್ದನ್ನೇ, ತಾನು ಕಣ್ಣಾರೆ ಕಂಡಂತೆ, ಒಗ್ಗರಣೆ ಹಾಕಿ ಹೇಳುತ್ತಿದ್ದಳು. ಎಂಟು ತುಂಬುತ್ತಲೇ ಹುಡುಗಿಗೆ ಬುದ್ಧಿ ಬಲಿಯಿತು.

"ಅಜ್ಜಿ, ಫೋಟೋ ತಗೊಂಡು ಬಾ. ಲಯನ್ ಜೊತೆ ನೀನೂ ಇರ್ಬೇಕು. ಸ್ಕೂಲ್‌ನಲ್ಲಿ ಯಾರೂ ನಂಬಲ್ಲ."

"ಮುಂದಿನ ಸಲ ತರ್ತೀನವ್ವ."

ಮುಂದಿನ ಸಲವೇ ಕಡೆಯ ಸಲವಾಗಿತ್ತು. ಮೊಣಕಾಲು ಸವೆದಿವೆ, ನಿಂತು ಮಾಡುವ ಕೆಲಸ ಸಾಕು ಎಂದು ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟಿದ್ದರು. ಆಕೆಗೂ ಸಾಕಾಗಿತ್ತು. ಆದರೆ ಮೊಮ್ಮಗಳ ಕಣ್ಣಲ್ಲಿ ಸುಳ್ಳುಗಾತಿಯಾಗಿ ಮನೆಯಲ್ಲಿ ಕೂರುವುದು ಬೇಡವಾಗಿತ್ತು.

ದಾರಿ ತೋರಿಸಿದ್ದು ರೊಟ್ಟಿ. ಜೋಳದ ಕಡಕ್ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಮೊಸರು ಇದ್ದರೆ ಒಲೆ ಹಚ್ಚುವ ಮಾತೇ ಇಲ್ಲ. ಒಲೆಗೆ ಒಂದು ಬೆಳಗು ರಜೆ ಕೊಟ್ಟರೆ ಆ ಬೆಳಗು ತನ್ನದು. ಹೊರಡುವ ಮುಂಚೆ ವಾರವಿಡೀ ರೊಟ್ಟಿ ಬಡಿದಳು. ಸಪ್ಪಳ ಕೇಳಿ ಕೆಳಮನೆಯ ಚೀನೀ ಮುದುಕಿ ಏನು ರಿಪೇರಿ ನಡೆದಿದೆ ಎಂದು ವಿಚಾರಿಸಲು ಬಂದು, ಒಂದು ರೊಟ್ಟಿ ಮುರಿದು ತಿಂದು ಹೋದಳು. ಡಬ್ಬಿಗಳೇನೋ ತುಂಬಿದವು, ತೋಳು ಎತ್ತಲಾಗದಂತೆ ಸೋತವು.

"ಮೂರನೇ ದಿನ ಬೆಳಿಗ್ಗೆ ನಾನೂ ಜೀಪಲ್ಲಿ ಬರ್ತೀನಿ," ಎಂದಾಗ ಸುಹಾಸ್ ತಲೆ ಕೆರೆದುಕೊಂಡ.

"ಬ್ರೇಕ್‌ಫಾಸ್ಟ್ ಮ್ಯಾನೇಜ್ ಆಗುತ್ತಾ ಆಂಟಿ?"

"ಡಬ್ಬಿ ತುಂಬಾ ರೊಟ್ಟಿ ಇದೆ. ನಂಗೊಂದು ಸೀಟ್ ಇಡು."

ಆ ದಿನ ಬೆಳಕು ಹರಿಯುವಾಗ ಕ್ಯಾಂಪಿನ ಗೇಟು ತೆರೆಯಿತು. ಮುರಿಗೆವ್ವ ಶಾಲು ಹೊದ್ದು ಜೀಪಿನ ಅಂಚಿನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಸಿಂಗಪುರದ ಪಾಸಿರ್ ರಿಸ್‌ನ ನಿವೃತ್ತ ಮೇಷ್ಟ್ರು ಬದರಿನಾಥ್. ತಣ್ಣಗಿನ ಗಾಳಿ, ಮೆತ್ತನೆಯ ಮರಳದಾರಿ. ಯಾರೂ ಕಾಫಿ ಕೇಳುವವರಿಲ್ಲ. ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲಿತ್ತು. ಜೀಪು ಕ್ಯಾಂಪಿಗೆ ಮರಳಿತ್ತು.

"ಎರಡು ಗಂಡು ಸಿಂಹ ಮುರಿಗೆವ್ವ ಅವ್ರೇ! ಜೀಪ್ ಪಕ್ಕದಲ್ಲೇ ಹೋದ್ವು!" ಬದರಿನಾಥರ ಮುಖ ಅರಳಿತ್ತು. "ನಿಮಗೆ ಎಂಥಾ ನಿದ್ದೆ ಅಂತೀರಿ! ಪಾಪ, ಎಬ್ಬಿಸ್ಬೇಡಿ ಅಂತ ಎಲ್ರಿಗೂ ನಾನೇ ಹೇಳ್ದೆ."

ಅಷ್ಟು ಒಳ್ಳೆಯ ಮನುಷ್ಯನನ್ನು ಬೈಯುವುದಾದರೂ ಹೇಗೆ? ಮನಸ್ಸಿನಲ್ಲೇ ಬೈದಳು, ಚೆನ್ನಾಗಿಯೇ ಬೈದಳು. ತಟ್ಟೆಗಳಿಗೆ ರೊಟ್ಟಿ ಹಾಕಿ, ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊರಗೆ ಎಲ್ಲರೂ ರೊಟ್ಟಿಯನ್ನು ಹೊಗಳುತ್ತಿದ್ದರು.

ಸಿಂಗಪುರಕ್ಕೆ ಬಂದ ಮೂರನೇ ದಿನ ಬದರಿನಾಥರ ವಿಡಿಯೋ ಬಂತು. ಫೋನ್ ಹಿಡಿದಿದ್ದ ವರ್ಣಿಕಾ ಕಿರುಚಿದಳು. ಜೀಪಿನ ಹೊರಗೆ, ಎರಡು ಮಾರು ದೂರದಲ್ಲಿ, ಸಿಂಹ ನಡೆದು ಹೋಗುತ್ತಿದೆ. ಒಳಗೆ ಮುರಿಗೆವ್ವ, ಕಂಬಿಗೆ ತಲೆ ಆನಿಸಿ, ಬಾಯಿ ತೆರೆದು.

"ಅಜ್ಜಿ, ಯಾಕೆ ಕಣ್ಣು ಮುಚ್ಕೊಂಡಿದೀಯ? ಭಯ ಆಯ್ತಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ಹೇಳುವುದಕ್ಕೂ ಈಗ ತ್ರಾಣ ಬೇಕಾಗಿತ್ತು.

"ನಿದ್ದಿ ಹತ್ತಿತ್ತವ್ವ. ನಾ ಸಿಂಹ ನೋಡೇ ಇಲ್ಲ. ಒಮ್ಮೆನೂ ನೋಡಿಲ್ಲ. ಹೇಳಿದ್ದೆಲ್ಲಾ ಮಂದಿ ಕತಿ."

ಹುಡುಗಿ ಸಿಟ್ಟಾಗಲಿಲ್ಲ. ವಿಡಿಯೋ ನಿಲ್ಲಿಸಿ, ಎರಡು ಬೆರಳಿನಿಂದ ಹಿಗ್ಗಿಸಿದಳು. ಹಿಗ್ಗಿಸಿದ್ದು ಸಿಂಹವನ್ನಲ್ಲ.

"ನೀನು ನಿದ್ದೆ ಮಾಡೋದು ನಾನು ನೋಡೇ ಇಲ್ಲ ಅಜ್ಜಿ. ನಾನು ಎದ್ದಾಗ ಕಿಚನ್‌ನಲ್ಲಿರ್ತೀಯ. ಮಲಗೋವಾಗ್ಲೂ ಅಲ್ಲೇ ಇರ್ತೀಯ."

ಮರುದಿನ ಬೆಳಿಗ್ಗೆ ಐದಕ್ಕೆ ರೂಢಿಯಂತೆ ಎಚ್ಚರವಾಯಿತು. ಏಳಬೇಕೆನ್ನುವಷ್ಟರಲ್ಲಿ ಬಾಗಿಲು ಮೆಲ್ಲನೆ ಸರಿಯಿತು. ವರ್ಣಿಕಾ ಉಸಿರು ಬಿಗಿಹಿಡಿದು ಸಂದಿಯಿಂದ ಇಣುಕುತ್ತಿದ್ದಳು. ಮುರಿಗೆವ್ವ ಮತ್ತೆ ಕಣ್ಣು ಮುಚ್ಚಿ, ಬಾಯಿ ಒಂದಿಷ್ಟು ತೆರೆದು, ಹಾಗೇ ಮಲಗಿದ್ದಳು.